ಸಂತೆಯಲ್ಲಿ ಮಿರ್ಚಿ–ಗಿರ್ಮಿಟ್ ಅಂಗಡಿ: ಹಿಟ್ಟು ಕಲಸುವುದರಿಂದ ಬಾಣಲೆ ಇಳಿಸುವವರೆಗೆ

ಸಂತೆಯ ಮಿರ್ಚಿಗೆ, ಅಂದರೆ ಮೆಣಸಿನಕಾಯಿ ಬಜ್ಜಿಗೆ, ಆಯಸ್ಸು ಹತ್ತು ನಿಮಿಷ. ಬಾಣಲೆಯಿಂದ ಎದ್ದ ಮೇಲೆ ಅಷ್ಟರೊಳಗೆ ಅದು ಗಿರಾಕಿಯ ಕೈ ಸೇರಬೇಕು. ತಡವಾದರೆ ಒಳಗಿನ ಮೆಣಸಿನಕಾಯಿಯ ಹಬೆ ಹೊರಗಿನ ಗರಿಗರಿ ಪದರವನ್ನು ಮೆತ್ತಗೆ ಮಾಡಿಬಿಡುತ್ತದೆ. ಮಂಡಕ್ಕಿಗೆ ಹುಳಿ ಗೊಜ್ಜು ಹಾಕಿ ಕಲಸಿದ ಗಿರ್ಮಿಟ್‌ಗೆ ಐದೇ ನಿಮಿಷ. ಅಡುಗೆ ಸೋಡಾ ಹಾಕಿದ ಹಿಟ್ಟಿಗೆ ಅರ್ಧ ತಾಸು. ಹೆಚ್ಚಿದ ಉಳ್ಳಾಗಡ್ಡಿಗೆ ಒಂದೆರಡು ತಾಸು. ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿಕೊಂಡು ಹೋಗುವುದೇ ಈ ಅಂಗಡಿಯ ಕೆಲಸ. ಸಾಮಾನು ಒಳ್ಳೆಯದೇ ಇದ್ದೂ ರುಚಿ ಕೆಡುವುದು ಬಹುಮಟ್ಟಿಗೆ ಹೊತ್ತು ತಪ್ಪಿದಾಗಲೇ.

ಇಲ್ಲಿ ಹೇಳಿರುವುದು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ದಾವಣಗೆರೆ ಸೀಮೆಯ ವಾರದ ಸಂತೆಗಳ ಪದ್ಧತಿ. ಹೆಸರು ಮಾತ್ರ ಊರಿಗೊಂದು. ಹುಬ್ಬಳ್ಳಿಯವರು ಚುರುಮುರಿ ಅನ್ನುವುದನ್ನು ದಾವಣಗೆರೆಯವರು ಮಂಡಕ್ಕಿ ಅನ್ನುತ್ತಾರೆ, ಮೈಸೂರು ಕಡೆ ಅದೇ ಕಡ್ಲೆಪುರಿ. ಧಾರವಾಡದಲ್ಲಿ ‘ಮಿರ್ಚಿ’ ಎಂದರೆ ಸಾಕು, ಬಜ್ಜಿ ಎಂದು ಸೇರಿಸಬೇಕಿಲ್ಲ. ದಾವಣಗೆರೆಯಲ್ಲಿ ‘ಒಂದು ಮಂಡಕ್ಕಿ, ಎರಡು ಮೆಣಸಿನಕಾಯಿ’ ಎಂದರೂ ಕೈಗೆ ಬರುವುದು ಇದೇ.

ಮನೆಯಲ್ಲಿ ಮಾಡಿಟ್ಟುಕೊಳ್ಳುವುದು

ಲೆಕ್ಕವನ್ನು ಒಂದು ಕಿಲೋ ಕಡಲೆಹಿಟ್ಟಿನ ಮೇಲೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಮಧ್ಯಮ ಗಾತ್ರದ ಸುಮಾರು 60 ಮಿರ್ಚಿ ಆಗುತ್ತವೆ. ಮೂರು ಲೀಟರ್ ಎಣ್ಣೆಯ ಬಾಣಲೆಯಲ್ಲಿ ಒಂದು ಸರ್ತಿಗೆ ಎಂಟೊಂಬತ್ತು ಬಿಟ್ಟು ಕರಿದರೆ 60 ಮುಗಿಯಲು ಸರಿಸುಮಾರು ಅರ್ಧ ತಾಸು ಬೇಕು. ಸೋಡಾ ಬಿದ್ದ ಹಿಟ್ಟಿನ ಆಯಸ್ಸೂ ಅಷ್ಟೇ. ಆದ್ದರಿಂದ ಸಂತೆ ಎಷ್ಟೇ ತುಂಬಿದ್ದರೂ ಒಂದು ಸಲಕ್ಕೆ ಒಂದು ಕಿಲೋಗಿಂತ ಹೆಚ್ಚು ಕಲಸಬೇಡಿ.

ಇದಕ್ಕೆ ಸುಲಭದ ದಾರಿ ಹಿಂದಿನ ರಾತ್ರಿಯೇ ಒಣಹಿಟ್ಟಿನ ಪೊಟ್ಟಣ ಕಟ್ಟಿಡುವುದು. ಒಂದೊಂದು ಪೊಟ್ಟಣಕ್ಕೆ:

ಕಡಲೆಹಿಟ್ಟು 1 ಕಿಲೋ
ಅಕ್ಕಿಹಿಟ್ಟು 100 ಗ್ರಾಂ
ಉಪ್ಪು 25 ಗ್ರಾಂ
ಅಜವಾನ 10 ಗ್ರಾಂ, ಅಂಗೈಯಲ್ಲಿ ಉಜ್ಜಿ
ಅರಿಸಿನ 3–4 ಗ್ರಾಂ
ಅಚ್ಚಖಾರದ ಪುಡಿ 10 ಗ್ರಾಂ, ಬೇಕಿದ್ದರೆ

ಸೋಡಾವನ್ನು ಇದರೊಳಗೆ ಸೇರಿಸದೆ ಸಣ್ಣ ಚೀಟಿಯಲ್ಲಿ 3 ಗ್ರಾಂನಂತೆ ಬೇರೆಯಾಗಿ ಕಟ್ಟಿ. ಚಹಾ ಚಮಚದಲ್ಲಿ ಅಳೆದರೆ ತಲೆ ಸವರಿದ ಅರ್ಧ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಸಂತೆಯ ಗದ್ದಲದಲ್ಲಿ ಕಣ್ಣಳತೆಯಿಂದ ಸೋಡಾ ಸುರಿಯುವವರ ಮಿರ್ಚಿ ಒಂದು ಸಲ ಕಲ್ಲಾದರೆ ಮತ್ತೊಂದು ಸಲ ಎಣ್ಣೆಯ ಗಡಿಗೆಯಾಗುತ್ತದೆ. ಸೋಡಾ ಹೆಚ್ಚಾದುದರ ಗುರುತು ಮೂರು: ಬಣ್ಣ ಬೇಗ ಕೆಂಪಾಗುತ್ತದೆ, ಹಿಂಡಿದರೆ ಎಣ್ಣೆ ಇಳಿಯುತ್ತದೆ, ನಾಲಿಗೆಯ ಮೇಲೆ ಸಬಕಾರದ ರುಚಿ ಉಳಿಯುತ್ತದೆ.

ಅಕ್ಕಿಹಿಟ್ಟು ಇರುವುದು ಗರಿಗಾಗಿ. ಬರೀ ಕಡಲೆಹಿಟ್ಟಿನ ಪದರ ಆರುತ್ತಿದ್ದಂತೆ ಮೆತ್ತಗಾಗುತ್ತದೆ. ಆದರೆ 150 ಗ್ರಾಂ ದಾಟಿದರೆ ಪದರ ಗಟ್ಟಿಯಾಗಿ, ತಣ್ಣಗಾದ ಮೇಲೆ ಹಲ್ಲಿಗೆ ಒತ್ತುತ್ತದೆ.

ಕಡಲೆಹಿಟ್ಟನ್ನು ಕೊಳ್ಳುವಾಗ ಚಿಟಿಕೆ ಬಾಯಿಗೆ ಹಾಕಿ ನೋಡಿ. ಹಳೆಯದು ಕಹಿಯಾಗಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಬಟಾಣಿ ಹಿಟ್ಟು ಬೆರೆಸಿದ್ದರೆ ಕಲಸಿದಾಗ ಅಂಟಂಟಾಗುತ್ತದೆ, ಕರಿದಾಗ ಕಡಲೆಯ ಘಮ ಏಳುವುದಿಲ್ಲ. ವಾರಕ್ಕೆ ನಾಲ್ಕೈದು ಸಂತೆ ಮಾಡುವವರಾದರೆ ಕಡಲೆಬೇಳೆ ತಂದು ಒಂದು ಬಿಸಿಲು ಕಾಯಿಸಿ ಗಿರಣಿಗೆ ಹಾಕಿಸುವುದೇ ಮೇಲು. ಗಿರಣಿಯ ಹಿಟ್ಟು ತುಸು ತರಿಯಾಗಿರುವುದರಿಂದ ಕಲಸಿದ ಮೇಲೆ ಕಾಲು ತಾಸು ನೆನೆಯಲು ಬಿಡಬೇಕು. ಬಿಡದಿದ್ದರೆ ಮೊದಲ ಘಾಣದ, ಅಂದರೆ ಮೊದಲ ಸರ್ತಿ ಬಾಣಲೆಗೆ ಬಿಟ್ಟ, ಮಿರ್ಚಿಗಳ ಒಳಪದರ ಹಸಿಹಸಿಯಾಗಿರುತ್ತದೆ.

ಮೆಣಸಿನಕಾಯಿಯನ್ನು ಹಿಂದಿನ ಸಂಜೆಯೇ ತೊಳೆದು ಬಟ್ಟೆಯ ಮೇಲೆ ಹರವಿ. ಉದ್ದನೆಯ, ತಿಳಿಹಸಿರು ಬಣ್ಣದ, ಚರ್ಮ ತುಸು ದಪ್ಪ ಇರುವ ಕಾಯಿ ಆರಿಸಬೇಕು. ಬಾಗಿದ ಕಾಯಿಗೆ ಹಿಟ್ಟು ಒಂದೇ ಸಮ ಹತ್ತುವುದಿಲ್ಲ. ತೊಟ್ಟು ಕೀಳಬೇಡಿ, ಅದ್ದುವಾಗ ಹಿಡಿಯಲು, ತಿನ್ನುವಾಗ ಹಿಡಿಯಲು ಅದೇ ಹಿಡಿಕೆ. ಬೆಳಗ್ಗೆ ಒಂದು ಬದಿಗೆ ಉದ್ದಕ್ಕೆ ಸೀಳಿ. ತುದಿಯನ್ನೂ ತೊಟ್ಟಿನ ಬುಡವನ್ನೂ ಅರ್ಧ ಇಂಚು ಬಿಟ್ಟು ಸೀಳಿದರೆ ಕಾಯಿ ಎರಡಾಗುವುದಿಲ್ಲ. ಸೀಳದ ಕಾಯಿಯನ್ನು ಎಣ್ಣೆಗೆ ಬಿಟ್ಟರೆ ಒಳಗಿನ ಗಾಳಿ, ಹಬೆ ಹಿಗ್ಗಿ ಕಾಯಿ ಸಿಡಿಯುತ್ತದೆ, ಎಣ್ಣೆ ಮುಖಕ್ಕೆ ಹಾರುತ್ತದೆ. ಈ ಒಂದು ಕಾರಣಕ್ಕಾದರೂ ಒಂದೇ ಒಂದು ಕಾಯಿ ಸೀಳದೆ ಉಳಿಯಕೂಡದು.

60 ಕಾಯಿಗೆ ಹಚ್ಚುವ ಮಸಾಲೆ: ಹುರಿದು ಪುಡಿ ಮಾಡಿದ ಜೀರಿಗೆ 25 ಗ್ರಾಂ, ಉಪ್ಪು 20 ಗ್ರಾಂ, 40 ಗ್ರಾಂ ಹುಣಸೆಯಿಂದ ತೆಗೆದ ಗಟ್ಟಿ ರಸ. ಒಳಗೆ ಬೆರಳಿನಿಂದ ತೆಳ್ಳಗೆ ಸವರಿದರೆ ಸಾಕು. ಹುಳಿ ನೀರಾದರೆ ಅದು ಸೀಳಿನಿಂದ ಜಾರಿ ಹಿಟ್ಟನ್ನು ಸಡಿಲಿಸುತ್ತದೆ. ಖಾರ ಕಡಿಮೆ ಬೇಕೆನ್ನುವ ಊರಾದರೆ ಬೀಜವನ್ನೂ ಒಳಗಿನ ಬಿಳಿ ದಿಂಡನ್ನೂ ತೆಗೆಯಿರಿ, ಖಾರದ ಹೆಚ್ಚಿನ ಭಾಗ ಆ ದಿಂಡಿನಲ್ಲೇ ಇರುತ್ತದೆ. ಸೀಳುವವರು ಕೈಗೆ ಎಣ್ಣೆ ಸವರಿಕೊಳ್ಳಿ. ನೂರಿನ್ನೂರು ಕಾಯಿ ಬರಿಗೈಯಲ್ಲಿ ಸೀಳಿದರೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಹಿಟ್ಟು ಕಲಸುವ ಹದ

ಒಂದು ಪೊಟ್ಟಣದ ಹಿಟ್ಟನ್ನು ಅಗಲ ಬಾಯಿಯ ಪಾತ್ರೆಗೆ ಸುರಿದು ಮೊದಲು 800 ಮಿ.ಲೀ. ನೀರು ಹಾಕಿ ಗಂಟಿಲ್ಲದಂತೆ ಕಲಸಿ. ಗಟ್ಟಿಯಾಗಿರುವಾಗ ಗಂಟು ಒಡೆಯುತ್ತದೆ. ತೆಳುವಾದ ಮೇಲೆ ಗಂಟು ಬೆರಳಿಗೆ ಸಿಗದೆ ಓಡಾಡುತ್ತದೆ. ಆಮೇಲೆ ಇನ್ನೂ 200ರಿಂದ 300 ಮಿ.ಲೀ. ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹದಕ್ಕೆ ತನ್ನಿ. ಕೈಯಿಂದ ಐದು ನಿಮಿಷ ಚೆನ್ನಾಗಿ ಬಡಿಯಬೇಕು. ಬಡಿದ ಹಿಟ್ಟಿನಲ್ಲಿ ಗಾಳಿ ಕೂಡಿ ಅದು ಹಗುರಾಗುತ್ತದೆ, ಸೋಡಾದ ಹಂಗು ಅಷ್ಟರಮಟ್ಟಿಗೆ ಕಡಿಮೆ.

ಹದ ನೋಡುವುದು ಹೀಗೆ. ಬೆರಳು ಅದ್ದಿ ಎತ್ತಿದಾಗ ಉಗುರು ಕಾಣದಂತೆ ಹಿಟ್ಟು ಮುಚ್ಚಿರಬೇಕು. ಕೈಯಿಂದ ಇಳಿಬಿಟ್ಟ ಹಿಟ್ಟು ಎಳೆಯಾಗಿ ಬಿದ್ದು, ಪಾತ್ರೆಯ ಮೇಲೆ ಎರಡು–ಮೂರು ಎಣಿಸುವವರೆಗೆ ಗೆರೆ ಉಳಿಸಿ ಮಾಯವಾಗಬೇಕು. ಗೆರೆ ಉಳಿದೇ ಬಿಟ್ಟರೆ ಹಿಟ್ಟು ಗಟ್ಟಿ: ಹೊರಗೆ ಕೆಂಪಾಗುತ್ತದೆ, ಕಾಯಿಗೆ ತಾಗಿದ ಪದರ ಬೇಯುವುದಿಲ್ಲ. ಬಿದ್ದ ಕೂಡಲೇ ಬೆರೆತುಹೋದರೆ ತೆಳು: ಕಾಯಿಯ ಮೇಲೆ ನಿಲ್ಲದೆ ಎಣ್ಣೆಯಲ್ಲಿ ಬಾಲ ಬಿಟ್ಟುಕೊಳ್ಳುತ್ತದೆ. ಆ ಬಾಲಗಳೇ ಉದುರಿ, ಕರಕಾಗಿ ಎಣ್ಣೆಯನ್ನು ಕೆಡಿಸುವುದು.

ಎಣ್ಣೆ ಕಾದ ಮೇಲೆಯೇ ಸೋಡಾ ಚೀಟಿ ಬಿಚ್ಚಬೇಕು. ಅದನ್ನು ಹಿಟ್ಟಿನ ಮೇಲೆ ಉದುರಿಸಿ, ಮೇಲೆ ಎರಡು ದೊಡ್ಡ ಚಮಚ ಕಾದ ಎಣ್ಣೆ ಸುರಿದು ಕೂಡಲೇ ಕಲಸಿ. ಹಿಟ್ಟು ನೊರೆಯಂತೆ ಉಬ್ಬಿದ್ದು ಕಣ್ಣಿಗೇ ಕಾಣುತ್ತದೆ. ಅರ್ಧ ತಾಸಾದ ಮೇಲೆ ಹಿಟ್ಟು ಉಳಿದಿದ್ದು ಮಿರ್ಚಿ ಚಪ್ಪಟೆಯಾಗತೊಡಗಿದರೆ ಮತ್ತೆ ಸೋಡಾ ಹಾಕುವ ಮನಸ್ಸಾಗುತ್ತದೆ. ಹಾಕಬೇಡಿ. ಹೊಸ ಪೊಟ್ಟಣ ಕಲಸಿ, ಹಳೆಯದನ್ನು ಅದರೊಳಗೆ ಬೆರೆಸಿ ಬಡಿಯಿರಿ.

ಕರಿಯುವುದು

ಎಣ್ಣೆಯ ಶಾಖ 170ರಿಂದ 180 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ಇದ್ದರೆ ಕಲಿಯುವಾಗ ದೊಡ್ಡ ಉಪಕಾರ. ಇಲ್ಲದವರಿಗೆ ಹಿಟ್ಟಿನ ಹನಿಯೇ ಅಳತೆ. ಹನಿ ತಳಕ್ಕೆ ಮುಟ್ಟಿ ಕೂಡಲೇ ಗುಳ್ಳೆ ಕಟ್ಟಿಕೊಂಡು ಮೇಲೆ ಬಂದರೆ ಹದ. ತಳದಲ್ಲೇ ಕೂತು ಯೋಚನೆ ಮಾಡಿದರೆ ಎಣ್ಣೆ ತಣ್ಣಗಿದೆ. ಮೇಲೇ ತೇಲಿ ಐದು ಎಣಿಸುವಷ್ಟರಲ್ಲಿ ಕಂದಾದರೆ ಕಾವು ಹೆಚ್ಚಾಗಿದೆ. ಹೊಗೆ ಎದ್ದರಂತೂ ಉರಿ ಆರಿಸಿ ಕಾಯಬೇಕು, ಹೊಗೆಯಾಡುವ ಎಣ್ಣೆಯನ್ನು ತಣಿಸಲು ಹಸಿ ಹಿಟ್ಟು ಬಿಡುವುದು ಅಪಾಯ.

ಕಾಯಿಯನ್ನು ತೊಟ್ಟು ಹಿಡಿದು ಅದ್ದಿ, ಸೀಳು ಮೇಲಿರುವಂತೆ ಎತ್ತಿ, ಪಾತ್ರೆಯ ಅಂಚಿಗೆ ಒಂದು ಬದಿ ಸವರಿ, ಎಣ್ಣೆಯ ಮೈಗೆ ಹತ್ತಿರದಿಂದ ನಿಮ್ಮಿಂದ ಆಚೆಗೆ ಜಾರಿಸಿ. ಎತ್ತರದಿಂದ ಬಿಟ್ಟರೆ ಎಣ್ಣೆ ಸಿಡಿಯುತ್ತದೆ. ಹಿಟ್ಟು ಕಾಯಿಗೆ ಹತ್ತದೆ ಜಾರುತ್ತಿದ್ದರೆ ತಪ್ಪು ಹಿಟ್ಟಿನದಲ್ಲದೆಯೂ ಇರಬಹುದು. ಕಾಯಿಯ ಮೇಲಿನ ಪಸೆ ಒರೆಸಿ, ಒಣ ಕಡಲೆಹಿಟ್ಟಿನಲ್ಲಿ ಒಮ್ಮೆ ಹೊರಳಿಸಿ ಅದ್ದಿ ನೋಡಿ.

ಎಂಟೊಂಬತ್ತಕ್ಕಿಂತ ಹೆಚ್ಚು ಬಿಡಬೇಡಿ. ಸರದಿ ಉದ್ದವಾದಾಗ ಎಲ್ಲರೂ ಮಾಡುವ ತಪ್ಪೆಂದರೆ ಹದಿನೈದು–ಹದಿನಾರು ತುರುಕುವುದು. ಎಣ್ಣೆಯ ಕಾವು ಒಮ್ಮೆಲೇ ಇಳಿಯುತ್ತದೆ, ಪದರ ಬಿಗಿಯುವ ಮೊದಲೇ ಎಣ್ಣೆ ಹೀರುತ್ತದೆ, ಬೇಯಲು ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ಎರಡು ಘಾಣ ಮಾಡಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಸಂತೆಗೆ ಒಗ್ಗುವುದು ಎರಡು ಸಲ ಕರಿಯುವ ಕ್ರಮ. ಮೊದಲ ಸಲ ಎರಡು ನಿಮಿಷ, ಪದರ ಬಿಗಿದು ತಿಳಿ ಹಳದಿಯಾದಾಗ ಝಾರಿಯಲ್ಲಿ ಎತ್ತಿ ಜಾಲರಿ ತಟ್ಟೆಗೆ ಹಾಕಿ. ಗಿರಾಕಿ ಬಂದಾಗ ಮತ್ತೆ ಒಂದರಿಂದ ಒಂದೂವರೆ ನಿಮಿಷ, 180 ಡಿಗ್ರಿಯ ಎಣ್ಣೆಯಲ್ಲಿ, ಹೊಂಬಣ್ಣ ಬರುವವರೆಗೆ. ನಡುವೆ ಬಿಡುವು ಸಿಕ್ಕಾಗ ಒಳಗಿನ ತೇವ ಹೊರಪದರಕ್ಕೆ ಬರುತ್ತದೆ, ಎರಡನೆಯ ಕರಿತದಲ್ಲಿ ಅದು ಹಾರಿಹೋಗಿ ಪದರ ಗರಿಯಾಗುತ್ತದೆ. ಬೇಡಿಕೆ ಬಂದ ಕೂಡಲೇ ಬಿಸಿ ಮಿರ್ಚಿ ಕೊಡುವುದಕ್ಕೂ ಇದೇ ದಾರಿ. ಆದರೆ ಅರ್ಧ ಕರಿದವನ್ನು 30–40 ನಿಮಿಷಕ್ಕಿಂತ ಹೆಚ್ಚು ಇಡಬೇಡಿ, ಒಂದರ ಮೇಲೊಂದು ಗುಡ್ಡೆ ಹಾಕಲೂ ಬೇಡಿ, ಕೆಳಗಿನವು ಬೆವರುತ್ತವೆ. ಕಾಗದ ಹಾಸಿದ ಬುಟ್ಟಿಗಿಂತ ಕೆಳಗೆ ಗಾಳಿಯಾಡುವ ಜಾಲರಿ ಒಳ್ಳೆಯದು.

ಎಣ್ಣೆ

ಈ ಅಂಗಡಿಯಲ್ಲಿ ಹಣ ಸೋರುವುದೂ ಇಲ್ಲೇ, ಹೆಸರು ಕೆಡುವುದೂ ಇಲ್ಲೇ. ಒಂದು ಕಿಲೋ ಹಿಟ್ಟಿನ ಮಿರ್ಚಿ ಸುಮಾರು 300ರಿಂದ 400 ಮಿ.ಲೀ. ಎಣ್ಣೆ ಹೀರುತ್ತದೆ. ಅರ್ಧ ಲೀಟರ್ ದಾಟಿದರೆ ಕಾವು ಕಡಿಮೆಯಿದೆ, ಇಲ್ಲವೇ ಸೋಡಾ ಹೆಚ್ಚಾಗಿದೆ.

ಪ್ರತಿ ಘಾಣ ಎತ್ತಿದ ಮೇಲೂ ತೇಲುವ ಬೂಂದಿ, ಚೂರುಗಳನ್ನು ಸಣ್ಣ ಜಾಲರಿಯಿಂದ ತೆಗೆಯಿರಿ. ಎಣ್ಣೆಯನ್ನು ಬೇಗ ಕಪ್ಪು ಮಾಡುವುದು ಈ ಕರಕಲು. ಸುಮ್ಮನೆ ಕಾಯಿಸಿಡುವುದೂ ಎಣ್ಣೆಗೆ ಕೇಡು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಉರಿ ಸಣ್ಣದು ಮಾಡುವ ಬದಲು ಆರಿಸಿಯೇ ಬಿಡಿ.

ಎಣ್ಣೆ ಮುಗಿಯಿತೆಂದು ತಿಳಿಯುವುದು ಹೇಗೆ? ಮೊದಲಿಗಿಂತ ಕಡಿಮೆ ಕಾವಿಗೇ ಹೊಗೆ ಏಳುತ್ತದೆ. ಮಿರ್ಚಿ ಬಿಟ್ಟಾಗ ದೊಡ್ಡ ಗುಳ್ಳೆಗಳ ಬದಲು ಸಣ್ಣ ನೊರೆ ಬಾಣಲೆಯ ತುಂಬ ಹರಡಿ ಇಳಿಯದೆ ನಿಲ್ಲುತ್ತದೆ. ತಣ್ಣಗಾದಾಗ ಮಂದವಾಗಿ, ಬೆರಳಿಗೆ ಜಿಗುಟಾಗಿ ಹತ್ತುತ್ತದೆ. ಮೂಗಿಗೆ ಕಮಟು ವಾಸನೆ. ಇವುಗಳಲ್ಲಿ ಎರಡು ಕಂಡರೂ ಬದಲಿಸಬೇಕು. ಕಾನೂನಿನ ಲೆಕ್ಕವೂ ಒಂದಿದೆ: ಕರಿಯುವ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು (ಎಣ್ಣೆ ಕಾದು ಕಾದು ಕೆಡುವಾಗ ಹುಟ್ಟುವ ವಸ್ತುಗಳು) ಶೇ. 25 ಮೀರಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಕೈಯುಪಕರಣಗಳಿವೆ. ಹಳೆಯ ಎಣ್ಣೆಗೆ ಹೊಸದನ್ನು ಸುರಿದು ‘ಸರಿ ಮಾಡುವುದು’ ಆಗದ ಕೆಲಸ. ಹಳತು ಹೊಸದನ್ನೂ ಬೇಗ ಕೆಡಿಸುತ್ತದೆ. ಬಿಟ್ಟ ಎಣ್ಣೆಯನ್ನು ಗಟಾರಕ್ಕೆ ಸುರಿದರೆ ಅಲ್ಲೇ ಹೆಪ್ಪುಗಟ್ಟಿ ನೀರು ನಿಲ್ಲುತ್ತದೆ. ಡಬ್ಬದಲ್ಲಿ ಕೂಡಿಟ್ಟು ಜೈವಿಕ ಇಂಧನಕ್ಕೆ ಕೊಳ್ಳುವವರಿಗೆ ಕೊಡಿ. ಊಟದ ಎಣ್ಣೆಯೊಳಗೆ ಬೆರೆಸಿ ಮಾರಲು ಕೊಳ್ಳುವವರಿಗೆ ಮಾತ್ರ ಎಷ್ಟು ದುಡ್ಡು ಕೊಟ್ಟರೂ ಕೊಡಬೇಡಿ.

ಗಿರ್ಮಿಟ್

ಮಂಡಕ್ಕಿಯನ್ನು ಬಿಸಿ ಮರಳಿನಲ್ಲಿ ಹುರಿದು ಅರಳಿಸುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಚೀಲ ಬಂದರೂ ಒಮ್ಮೆ ಜರಡಿ ಹಿಡಿಯದೆ ಬಳಸಬೇಡಿ, ಒಂದು ಮರಳಿನ ಕಾಳು ಸಾಕು ತಿನ್ನುವವರ ಮುಖ ಕೆಡಲು. ಹುರಿಯುವ ಮೊದಲೇ ಅಕ್ಕಿಗೆ ಉಪ್ಪುನೀರು ಹಿಡಿಸಿರುವುದರಿಂದ ಮಂಡಕ್ಕಿಯಲ್ಲಿ ಉಪ್ಪು ಇದ್ದೇ ಇರುತ್ತದೆ. ಚೀಲ ಬದಲಾದಾಗಲೆಲ್ಲ ರುಚಿ ನೋಡಿಯೇ ಗೊಜ್ಜಿಗೆ ಉಪ್ಪು ಹಾಕಿ.

ಒಳ್ಳೆಯ ಮಂಡಕ್ಕಿಯನ್ನು ಬೆರಳ ನಡುವೆ ಒತ್ತಿದರೆ ಚಟಕ್ಕೆಂದು ಮುರಿಯುತ್ತದೆ. ಬಾಗಿದರೆ ತೇವ ಎಳೆದಿದೆ. ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎರಡು–ಮೂರು ನಿಮಿಷ ಕೈಯಾಡಿಸಿದರೆ ಮತ್ತೆ ಗರಿಯಾಗುತ್ತದೆ. ಮಳೆಗಾಲದಲ್ಲಿ ಚೀಲದ ಬಾಯಿ ತೆರೆದಿಡದೆ, ಒಂದು ತಾಸಿಗೆ ಬೇಕಾದಷ್ಟನ್ನೇ ತಗಡಿನ ಡಬ್ಬಕ್ಕೆ ತೆಗೆದುಕೊಳ್ಳಿ.

ಒಂದು ಕಿಲೋ ಮಂಡಕ್ಕಿ 40 ಗ್ರಾಂನ ಲೆಕ್ಕದಲ್ಲಿ 25 ತಟ್ಟೆ. ಅಷ್ಟಕ್ಕೆ ಗೊಜ್ಜು: ಎಣ್ಣೆ 150 ಮಿ.ಲೀ., ಸಾಸಿವೆ ಮತ್ತು ಜೀರಿಗೆ 10 ಗ್ರಾಂನಂತೆ, ಎರಡು ಕಡ್ಡಿ ಕರಿಬೇವು, ತರಿಯಾಗಿ ಕುಟ್ಟಿದ ಹಸಿಮೆಣಸಿನಕಾಯಿ 60 ಗ್ರಾಂ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಅರ್ಧ ಕಿಲೋ, ಅರಿಸಿನ ಒಂದು ಚಮಚ, ಟೊಮೆಟೊ ಕಾಲು ಕಿಲೋ, 75 ಗ್ರಾಂ ಹುಣಸೆಯನ್ನು 300 ಮಿ.ಲೀ. ಬಿಸಿನೀರಿನಲ್ಲಿ ನೆನೆಸಿ ಹಿಂಡಿದ ರಸ, ಬೆಲ್ಲ 60 ಗ್ರಾಂ, ಉಪ್ಪು 20 ಗ್ರಾಂನಿಂದ ಶುರು. ಒಗ್ಗರಣೆ ಸಿಡಿದ ಮೇಲೆ ಮೆಣಸಿನಕಾಯಿ, ಉಳ್ಳಾಗಡ್ಡಿ. ಅದು ಮೆತ್ತಗಾದ ಮೇಲೆ ಟೊಮೆಟೊ. ಟೊಮೆಟೊ ಕರಗಿದ ಮೇಲೆ ಹುಳಿ, ಬೆಲ್ಲ. ಹುಳಿಯನ್ನು ಮೊದಲೇ ಹಾಕಿದರೆ ಉಳ್ಳಾಗಡ್ಡಿ ಎಷ್ಟು ಹೊತ್ತಾದರೂ ಬೇಯದೆ ಕಚಕಚ ಉಳಿಯುತ್ತದೆ. ಎಣ್ಣೆ ಬಿಡುವವರೆಗೆ ಕುದಿಸಿ. ಚಮಚದಿಂದ ಬೀಳಿಸಿದರೆ ಹರಿಯದೆ ಮುದ್ದೆಯಾಗಿ ಬೀಳಬೇಕು. ನೀರು ಗೊಜ್ಜು ತಾಗಿದ ಮಂಡಕ್ಕಿ ಕಣ್ಣೆದುರೇ ಕುಗ್ಗಿಹೋಗುತ್ತದೆ.

ಕಲಸುವುದು ತಟ್ಟೆ ತಟ್ಟೆಗೆ, ಹೆಚ್ಚೆಂದರೆ ನಾಲ್ಕು ತಟ್ಟೆಗೆ ಒಮ್ಮೆ. ಬೋಗಾಣಿಗೆ ಮಂಡಕ್ಕಿ, ಅದರ ಮೇಲೆ ತಟ್ಟೆಗೆ ಎರಡು ದೊಡ್ಡ ಚಮಚದಂತೆ ಗೊಜ್ಜು. ಗೊಜ್ಜು ಉಗುರುಬೆಚ್ಚಗಿರಲಿ, ಕುದಿಯುವುದು ಬೇಡ. ಕೆಳಗಿನಿಂದ ಮೇಲಕ್ಕೆ ನಾಲ್ಕೈದು ಸಲ ಮಗುಚಿ, ಆಮೇಲೆ ಒಂದು ದೊಡ್ಡ ಚಮಚ ಪುಟಾಣಿ (ಹುರಿಗಡಲೆ) ಹಿಟ್ಟು. ಈ ಹಿಟ್ಟು ಗೊಜ್ಜಿನ ಪಸೆಯನ್ನು ತಾನು ಹೀರಿ ಮಂಡಕ್ಕಿಯನ್ನು ಕಾಯುತ್ತದೆ, ಹಾಗಾಗಿ ಇದನ್ನು ಗೊಜ್ಜಿನ ನಂತರವೇ ಹಾಕಬೇಕು. ಕೊನೆಗೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಮೇಲೆ ಸೇವು, ಲಿಂಬೆಯ ನಾಲ್ಕು ಹನಿ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಮಾಡುವ ಸುಸಲಾ ಬೇರೆಯೇ ತಿಂಡಿ, ಅದು ಬೆಳಗಿನದು. ಸಂಜೆಯ ಗಿರಾಕಿಗೆ ಬೇಕಾದದ್ದು ಹಲ್ಲಿನಡಿ ಸದ್ದು ಮಾಡುವ ಗಿರ್ಮಿಟ್.

ಪಾರ್ಸೆಲ್ ಕೇಳಿದವರಿಗೆ ಕಲಸಿ ಕೊಡಬೇಡಿ. ಮಂಡಕ್ಕಿ, ಗೊಜ್ಜು, ಪುಟಾಣಿ ಹಿಟ್ಟು, ಉಳ್ಳಾಗಡ್ಡಿ ನಾಲ್ಕನ್ನೂ ಬೇರೆ ಕಟ್ಟಿ, ‘ಅಕ್ಕಾ, ಮನೀಗೆ ಹೋಗಿ ಕಲಸ್ರಿ’ ಎಂದು ಹೇಳಿದರೆ ಸಾಕು. ಮಿರ್ಚಿಯನ್ನು ಬಾಯಿ ತೆರೆದ ಕಾಗದದ ಚೀಲದಲ್ಲಿ ಕೊಡಿ. ಬಿಸಿಯದನ್ನು ಪ್ಲಾಸ್ಟಿಕ್ಕಿನಲ್ಲಿ ಗಂಟು ಹಾಕಿದರೆ ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ಬೆವೆತು ಮೆತ್ತಗಾಗಿರುತ್ತದೆ. ಸುದ್ದಿಪತ್ರಿಕೆಯ ಹಾಳೆ ಖಂಡಿತ ಬೇಡ, ಮುದ್ರಣದ ಶಾಯಿ ಎಣ್ಣೆಗೆ ಕರಗಿ ತಿಂಡಿಗೆ ಹತ್ತುತ್ತದೆ. ಅದರಲ್ಲಿ ಆಹಾರ ಕಟ್ಟಿಕೊಡುವುದಕ್ಕೆ ನಿಷೇಧವೂ ಇದೆ. ತಟ್ಟೆಗೆ ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಬಣ್ಣದ ಪುಡಿಯ ಗೊಡವೆಗೂ ಹೋಗಬೇಡಿ. ಗೋಬಿ ಮಂಚೂರಿಗೆ, ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರಲ್ಲಿ ನಿಷೇಧಿಸಿತು. ಒಳ್ಳೆಯ ಕಡಲೆಹಿಟ್ಟಿಗೆ ಅರಿಸಿನದ ಬಣ್ಣವೇ ಸಾಕು.

ಜಾಗ, ನೆರೆಹೊರೆ, ಸಂತೆಯ ಹೊತ್ತು

ಸಂತೆಗೆ ಬಂದವರು ಮೊದಲು ವ್ಯಾಪಾರ ಮುಗಿಸುತ್ತಾರೆ, ತಿನ್ನುವುದು ಹೊರಡುವಾಗ. ಆದ್ದರಿಂದ ಒಳಬರುವ ಬಾಯಿಗಿಂತ ಟೆಂಪೊ, ಬಸ್ಸು ನಿಲ್ಲುವ ಕಡೆಯ ತುದಿ ಒಳ್ಳೆಯದು. ಗಿರಾಕಿಯ ಎರಡೂ ಕೈಯಲ್ಲಿ ಕಾಯಿಪಲ್ಲೆಯ ಚೀಲ ಇರುತ್ತವೆ ಎಂಬುದನ್ನು ಮರೆಯಬೇಡಿ. ಚೀಲ ಇಡಲು ಒಂದು ಹಲಗೆ ಹಾಕಿದ ಅಂಗಡಿಯಲ್ಲಿ ಜನ ಎರಡನೆಯ ತಟ್ಟೆಯನ್ನೂ ಕೇಳುತ್ತಾರೆ. ಇಲ್ಲದ ಕಡೆ ಒಂದು ಮಿರ್ಚಿ ತಿಂದು ನಡೆಯುತ್ತಾರೆ.

ಗಾಳಿಯ ದಿಕ್ಕು ನೋಡಿ ಒಲೆ ಹೂಡಿ. ಹೊಗೆ ಪಕ್ಕದ ಬಟ್ಟೆಯಂಗಡಿಯ ಮೇಲೆ ಹೋದರೆ ಜಗಳ ಆ ದಿನವೇ ಶುರು. ಒಲೆಗೆ ಮೂರು ಕಡೆ ತಗಡಿನ ಮರೆ ಕಟ್ಟಿದರೆ ಉರಿ ಅಲುಗುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಸಿಲಿಂಡರ್ 19 ಕಿಲೋದ ವಾಣಿಜ್ಯ ಬಳಕೆಯದೇ ಆಗಿರಬೇಕು, ಮನೆಯ 14.2 ಕಿಲೋದ್ದನ್ನು ತಂದರೆ ಜಪ್ತಿಯಾಗುತ್ತದೆ. ಅದನ್ನು ನಿಲ್ಲಿಸಿಯೇ ಇಡಿ, ಒಲೆಯಿಂದ ದೂರ, ಜನ ಓಡಾಡದ ಬದಿಗೆ. ಬಾಣಲೆಗೆ ಸರಿಹೊಂದುವ ಕಬ್ಬಿಣದ ಮುಚ್ಚಳ ಕೈಗೆಟುಕುವಲ್ಲಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚುವುದು, ಅಷ್ಟೇ. ನೀರು ಹಾಕಿದರೆ ಅದು ಎಣ್ಣೆಯ ಅಡಿಗೆ ಇಳಿದು ಹಬೆಯಾಗಿ ಸಿಡಿದು ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಕೈ ಸುಟ್ಟರೆ 20 ನಿಮಿಷ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಶಾಯಿ ಹಚ್ಚುವುದು ಗಾಯ ಕೆಡಿಸುವ ಕೆಲಸ. ಮಕ್ಕಳು ನಿಲ್ಲುವ ಬದಿಗೆ ಬಾಣಲೆಯ ಹಿಡಿ ಚಾಚಿರಬಾರದು.

ದಿನದ ಮೊದಲ ಗಿರಾಕಿಗಳು ಅಕ್ಕಪಕ್ಕದ ವ್ಯಾಪಾರಿಗಳೇ. ಬೆಳಕು ಹರಿಯುವ ಮೊದಲೇ ಊರು ಬಿಟ್ಟು ಬಂದ ಕಾಯಿಪಲ್ಲೆಯ ಅಜ್ಜಿಗೆ, ಹಮಾಲಿ ಕಾಕಾಗೆ ಹತ್ತು ಗಂಟೆಗೆ ಹೊಟ್ಟೆಗೆ ಬೇಕು, ಅವರ ಬೋಣಿಗೆ ಮಾತ್ರ ಆಗಿರುವುದಿಲ್ಲ. ಉದ್ರಿ ಕೊಡಿ, ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಗೀಟು ಹಾಕಿ, ಸಂಜೆ ಸಂತೆ ಏಳುವ ಮೊದಲು ಚುಕ್ತಾ ಮಾಡಿಕೊಳ್ಳಿ. ವಾರ ದಾಟಿಸಿದ ಉದ್ರಿ ಗೆಳೆತನಕ್ಕೂ ಕೇಡು. ಹಲವರು ಕೊನೆಗೆ ದುಡ್ಡಿನ ಬದಲು ಕೊತ್ತಂಬರಿ, ಲಿಂಬೆ, ಉಳ್ಳಾಗಡ್ಡಿ ಕೊಡುತ್ತಾರೆ. ಮುಂದಿನ ಸಂತೆ ನಾಳೆಯೇ ಇದ್ದರೆ ತೆಗೆದುಕೊಳ್ಳಿ. ಬೇಕಾದ ಉಳ್ಳಾಗಡ್ಡಿಯನ್ನು ಪಕ್ಕದ ಸಾಲಿನವರಿಂದಲೇ ಕೊಳ್ಳುವುದು ಬಹಳ ಕಾಲದಿಂದ ನಡೆದುಬಂದ ಮರ್ಯಾದೆ, ಅವರ ಗಿರಾಕಿಗಳು ನಿಮ್ಮ ಕಡೆ ಬರುವುದೂ ಅದರಿಂದಲೇ.

ಮಧ್ಯಾಹ್ನ ಒಂದರಿಂದ ಮೂರು ಮಂದ. ಒಲೆ ಆರಿಸಿ, ಸಂಜೆಯ ಕಾಯಿ ಸೀಳಿ, ಪಾತ್ರೆ ತೊಳೆದುಕೊಳ್ಳುವ ಹೊತ್ತದು. ನಾಲ್ಕರಿಂದ ಏಳು ನಿಜವಾದ ಸಂತೆ. ಆಗ ಅಂಗಡಿಯಲ್ಲಿ ಇಬ್ಬರು ಇರಲೇಬೇಕು: ಬಾಣಲೆಯ ಮುಂದೆ ನಿಂತವರು ದುಡ್ಡು ಮುಟ್ಟಬಾರದು, ದುಡ್ಡು ಮುಟ್ಟುವವರು ತಿಂಡಿ ಮುಟ್ಟಬಾರದು. ಯುಪಿಐ ಬಂದ ಮೇಲೆ ಚಿಲ್ಲರೆಯ ತಾಪತ್ರಯ ಕಡಿಮೆಯಾಗಿದೆ, ಆದರೆ ಸಂತೆಯ ಗದ್ದಲದಲ್ಲಿ ಎಷ್ಟೋ ಸಲ ನೆಟ್‌ವರ್ಕ್ ಸಿಗುವುದಿಲ್ಲ. ಹತ್ತು–ಇಪ್ಪತ್ತರ ನೋಟಿನ ಒಂದು ಕಂತೆ ಗಲ್ಲಾದಲ್ಲಿ ಇಟ್ಟೇ ಬನ್ನಿ. ಕುಡಿಯುವ ನೀರಿನ ಕ್ಯಾನು ಬೇರೆ, ಕೈ ತೊಳೆಯುವ ನೀರಿನ ಬಕೆಟ್ ಬೇರೆ.

ಕಾಗದಪತ್ರ ಮತ್ತು ಲೆಕ್ಕ

ಹಳ್ಳಿಯ ಸಂತೆಯಲ್ಲಿ ಸುಂಕ ಎತ್ತುವ ಹಕ್ಕನ್ನು ಗ್ರಾಮ ಪಂಚಾಯಿತಿ ಹರಾಜಿನಲ್ಲಿ ಕೊಡುವುದು ರೂಢಿ. ಕೊಟ್ಟ ಹಣಕ್ಕೆ ಚೀಟಿ ಕೇಳಿ ಪಡೆಯಿರಿ. ತಿಂಡಿ ಮಾರುವ ಎಲ್ಲರಿಗೂ 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಪಟ್ಟಣದೊಳಗೆ ದಿನವೂ ಗಾಡಿ ಹೂಡುವವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಡಿ ನಗರಾಡಳಿತ ಗುರುತಿನ ಪ್ರಮಾಣಪತ್ರ ಕೊಡುತ್ತದೆ. ಆ ಕಾಯ್ದೆಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಜಾಗದ ತಕರಾರು ಬಂದಾಗ ಕೇಳಬೇಕಾದದ್ದು ಅಲ್ಲಿ. ಪಿಎಂ ಸ್ವನಿಧಿ ಯೋಜನೆಯ ಅಡಮಾನವಿಲ್ಲದ ಸಾಲ 2025ರ ಪರಿಷ್ಕರಣೆಯ ನಂತರ ಮೊದಲ ಕಂತಿಗೆ 15,000, ಎರಡನೆಯದಕ್ಕೆ 25,000, ಮೂರನೆಯದಕ್ಕೆ 50,000 ರೂಪಾಯಿ.

ಮಿರ್ಚಿಯ ದರ ಕಟ್ಟುವಾಗ ಹಿಟ್ಟು, ಕಾಯಿ, ಹೀರಿದ ಎಣ್ಣೆ ಎಲ್ಲರೂ ಲೆಕ್ಕ ಹಿಡಿಯುತ್ತಾರೆ. ಬಿಟ್ಟುಹೋಗುವುದು ಬಿಸಾಡಿದ ಎಣ್ಣೆ, ಗ್ಯಾಸು, ಸುಂಕ, ಟೆಂಪೊ ಬಾಡಿಗೆ, ನಿಮ್ಮದೇ ಕೂಲಿ. ಗ್ಯಾಸಿನ ಖರ್ಚು ತಿಳಿಯಲು ಸಂತೆಗೆ ಮುಂಚೆ ಮತ್ತು ಬಂದ ಮೇಲೆ ಸಿಲಿಂಡರ್ ತೂಗಿ; ಇಳಿದ ತೂಕವೇ ಆ ದಿನದ ಗ್ಯಾಸು. ಹಸಿಮೆಣಸಿನಕಾಯಿ ತುಟ್ಟಿಯಾದ ವಾರ ಮಿರ್ಚಿಯನ್ನು ಸಣ್ಣದು ಮಾಡಬೇಡಿ. ಆಲೂ, ಬದನೆ, ಉಳ್ಳಾಗಡ್ಡಿ ಬಜ್ಜಿಯನ್ನು ಹೆಚ್ಚಿಸಿ, ಮಿರ್ಚಿಯ ಗಾತ್ರ ಇದ್ದಂತೆ ಇರಲಿ. ಗಾತ್ರ ಇಳಿದದ್ದನ್ನು ಮಕ್ಕಳೇ ಮೊದಲು ಗುರುತಿಸುತ್ತಾರೆ.

ಅಂಗಡಿ ಎತ್ತುವುದು

ಮೂರು ಲೀಟರ್ ಕಾದ ಎಣ್ಣೆ ಎತ್ತಬಹುದಾದಷ್ಟು ತಣಿಯಲು ಒಂದು ತಾಸಿಗಿಂತ ಹೆಚ್ಚು ಹಿಡಿಯುತ್ತದೆ. ಬಸ್ಸು ತಪ್ಪುತ್ತದೆಂದು ಬಿಸಿ ಬಾಣಲೆ ಎತ್ತುವಾಗಲೇ ಅನಾಹುತಗಳಾಗುವುದು. ಹಾಗಾಗಿ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಒಂದೂವರೆ ತಾಸು ಮೊದಲೇ ಕೊನೆಯ ಘಾಣ ಎತ್ತಿ ಒಲೆ ಆರಿಸಿ. ಆ ಮೇಲೆ ಬಂದವರಿಗೆ ಗಿರ್ಮಿಟ್ ಕಲಸಿ ಕೊಡುತ್ತಿರಿ, ಅದಕ್ಕೆ ಉರಿ ಬೇಡ. ಅಂಗಡಿ ನಡೆಯುತ್ತಲೇ ಇರುತ್ತದೆ, ಎಣ್ಣೆ ತನ್ನ ಪಾಡಿಗೆ ತಣಿಯುತ್ತದೆ.

ಉಳಿದ ಮಿರ್ಚಿಯನ್ನು ಮರುದಿನ ಕರಿದು ಮಾರಬೇಡಿ. ಪಕ್ಕದವರಿಗೆ ಅಲ್ಲೇ ಹಂಚಿ. ಉಳಿದ ಗೊಜ್ಜು ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೆ, ಚೆನ್ನಾಗಿ ಕುದಿಸಿ ಮಾತ್ರ. ಹೆಚ್ಚಿದ ಉಳ್ಳಾಗಡ್ಡಿ, ಕಲಸಿದ ಹಿಟ್ಟು ನಾಳೆಗೆ ಇಲ್ಲ. ಎಲೆ, ತೊಟ್ಟು, ಕಾಗದವನ್ನು ಒಂದು ಚೀಲಕ್ಕೆ ತುಂಬಿ, ಕೂತ ಜಾಗಕ್ಕೆ ಒಮ್ಮೆ ಕಸಬರಿಗೆ ಆಡಿಸಿ. ಎಣ್ಣೆ ಬೆರಳು ತಾಳುವಷ್ಟು ತಣಿದಾಗ ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸ್ಟೀಲಿನ ಡಬ್ಬಕ್ಕೆ ಸೋಸಿ. ತಳದ ಕಪ್ಪು ಗಸಿಯನ್ನು ಸೋಸದೆ ಬಾಣಲೆಯಲ್ಲೇ ಬಿಡಿ. ಮುಚ್ಚಳ ಬಿಗಿದು, ಎಷ್ಟನೆಯ ಸಂತೆಯ ಎಣ್ಣೆ ಎಂಬುದನ್ನು ಸೀಮೆಸುಣ್ಣದಲ್ಲಿ ಡಬ್ಬದ ಮೇಲೆ ಬರೆದು ಟೆಂಪೊಗೆ ಏರಿಸಿ.